ಪುನರುಕ್ತಿಯೂ ಪ್ರಾರ್ಥನೆಯೂ: ಕ್ರೈಸ್ತ ಜಪವಾಙ್ಮಯದ ಒಂದು ವಿಮರ್ಶೆ

ಹೇಳಿದುದನ್ನೇ ಮರಳಿ ಹೇಳುವುದು ದೋಷವೆಂದು ನಮ್ಮ ತಾರ್ಕಿಕರೂ ಆಲಂಕಾರಿಕರೂ ಒಮ್ಮತದಿಂದ ಹೇಳಿರುವರು. ಗೌತಮಮುನಿಯು ಪುನರುಕ್ತವನ್ನು ನಿಗ್ರಹಸ್ಥಾನಗಳಲ್ಲಿ ಎಣಿಸಿದನು. ಭಾಮಹ ದಂಡಿಗಳು ಕಾವ್ಯದೋಷಗಳ ನಡುವೆ ಅದಕ್ಕೊಂದು ಎಡೆಯನ್ನು ಕೊಟ್ಟರು. ಹೀಗಿರಲಾಗಿ ಒಂದೇ ವಾಕ್ಯವನ್ನು ಐವತ್ತು ಸಲ, ನೂರೈವತ್ತು ಸಲ, ಹನ್ನೆರಡು ಸಾವಿರ ಸಲ ನುಡಿಯುವ ಪ್ರಾರ್ಥನೆಯನ್ನು ಏನೆನ್ನಬೇಕು? ನಮ್ಮಲ್ಲಿ ಜಪಕ್ಕೆ ಶಾಸ್ತ್ರದ ಬೆಂಬಲವಿರುವುದರಿಂದ ಈ ಪ್ರಶ್ನೆಯು ಅಷ್ಟಾಗಿ ಬಾಧಿಸುವುದಿಲ್ಲ. ಕ್ರೈಸ್ತಮತದಲ್ಲಿಯಾದರೋ ಬಾಧಿಸುತ್ತದೆ, ಏಕೆಂದರೆ ಅಲ್ಲಿ ಇದನ್ನು ನಿಷೇಧಿಸುವಂತೆ ತೋರುವ ಮಾತು ಸಾಕ್ಷಾತ್ ಏಸುಕ್ರಿಸ್ತನದೇ ಆಗಿದೆ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಏಳನೆಯ ವಾಕ್ಯವನ್ನು ಹಿಡಿದು ಪ್ರಾಟೆಸ್ಟಂಟ್ ಪಂಡಿತರು ಕ್ಯಾಥೊಲಿಕರ ಜಪಸರವನ್ನು ನಾಲ್ಕುನೂರು ವರ್ಷಗಳಿಗೂ ಮಿಕ್ಕಿ ಗಿಣಿಪಾಠವೆಂದು ಹಳಿಯುತ್ತ ಬಂದಿದ್ದಾರೆ. ನಮ್ಮ ಕಾಲೇಜುಗಳಲ್ಲಿ ಯೂರೋಪಿನ ಸಾಹಿತ್ಯವನ್ನೂ ಇತಿಹಾಸವನ್ನೂ ಓದಿದವರು ಬಹುಮಟ್ಟಿಗೆ ಈ ಅಭಿಪ್ರಾಯವನ್ನೇ ವಿಚಾರಮಾಡದೆ ಸ್ವೀಕರಿಸಿರುವುದು ಕಂಡುಬರುತ್ತದೆ. ಆದಕಾರಣ ಆ ವಾಕ್ಯವನ್ನೂ, ಅದನ್ನು ಎದುರಿಗಿಟ್ಟುಕೊಂಡೇ ಬೆಳೆದ ಜಪವಾಙ್ಮಯದ ಕೆಲವು ಮುಖ್ಯ ಗ್ರಂಥಗಳನ್ನೂ ಇಲ್ಲಿ ಪರಿಶೀಲಿಸಲು ಉದ್ದೇಶಿಸಿದೆ.

ಮೊದಲು ಶಬ್ದವಿಚಾರ. ಗ್ರೀಕು ಮೂಲದಲ್ಲಿರುವ ಕ್ರಿಯಾಪದವು ‘ಬತ್ತಲೊಗೆಯೊ’ ಎಂಬುದು. ಹೊಸ ಒಡಂಬಡಿಕೆಯಲ್ಲಿ ಈ ಪದವು ಈ ಒಂದು ಕಡೆಯಲ್ಲಿ ಮಾತ್ರವೇ ಪ್ರಯೋಗವಾಗಿದೆ. ಅದಕ್ಕೆ ಹಿಂದಿನ ಗ್ರೀಕು ಸಾಹಿತ್ಯದಲ್ಲಿಯೂ ಇದು ದುರ್ಲಭ. ತೊದಲುವವನಿಗೆ ಸಲ್ಲುವ ‘ಬತ್ತೊಸ್’ ಎಂಬ ಹೆಸರಿನಿಂದ ಬಂದಿತೆಂದು ಕೆಲವರು, ವ್ಯರ್ಥವೆಂಬ ಅರ್ಥದ ಅರಾಮಿಕ ಧಾತುವಿನಿಂದ ಬಂದಿತೆಂದು ಕೆಲವರು, ಬರಿಯ ಅನುಕರಣಶಬ್ದವೆಂದು ಇನ್ನು ಕೆಲವರು. ವ್ಯುತ್ಪತ್ತಿ ಯಾವುದಾದರೂ ಆಗಲಿ, ‘ಪುನಃ’ ಎಂಬ ಅರ್ಥವನ್ನು ಕೊಡುವ ಅಂಶವೊಂದೂ ಆ ಪದದಲ್ಲಿಲ್ಲವೆಂಬುದನ್ನು ಗಮನಿಸಬೇಕು. ಅದೇ ವಾಕ್ಯದ ಉತ್ತರಾರ್ಧದಲ್ಲಿ ಬರುವ ‘ಪೊಲುಲೊಗಿಯ’ ಎಂಬ ಪದಕ್ಕೆ ಬಹುಭಾಷಣವೆಂದು ಅರ್ಥ. ಜೆರೋಮನು ಲ್ಯಾಟಿನಿನಲ್ಲಿ ಬಹಳ ಮಾತನಾಡಬೇಡಿರೆಂಬ ಅರ್ಥ ಬರುವಂತೆ ಭಾಷಾಂತರಿಸಿದನು. ೧೫೨೬ರ ಇಂಗ್ಲಿಷ್ ಭಾಷಾಂತರದಲ್ಲಿ ಟಿಂಡೇಲನು ಬಡಬಡಿಸುವುದೆಂಬ ಅರ್ಥದ ಪದವನ್ನು ಹಾಕಿದನು. ೧೫೬೦ರ ಜಿನೀವಾ ಸತ್ಯವೇದದಲ್ಲಿ ‘ವ್ಯರ್ಥವಾದ ಪುನರುಕ್ತಿ’ ಎಂಬ ಅರ್ಥವು ಬಂದು ಸೇರಿತು. ಅಲ್ಲಿಂದ ಅದು ೧೬೧೧ರ ಪ್ರಸಿದ್ಧ ಭಾಷಾಂತರಕ್ಕೆ ಇಳಿದು, ಇಂಗ್ಲಿಷನ್ನು ಓದಿದ ಲೋಕದಲ್ಲೆಲ್ಲ ಹರಡಿತು. ಜಿನೀವಾದ ಭಾಷಾಂತರಕಾರರು ರೋಮಿನ ಮತಾಚರಣೆಗಳಿಗೆ ಕಡು ವಿರೋಧಿಗಳಾಗಿದ್ದರು. ಅವರು ವಂಚನೆಮಾಡಿದರೆಂದು ನಾವು ಹೇಳುವುದಿಲ್ಲ. ಅನುವಾದಕನ ಕಾಲದ ಜಗಳವು ಅನುವಾದದ ಪದದಲ್ಲಿ ನೆಲಸುವುದು ಎಲ್ಲ ಭಾಷೆಗಳಲ್ಲಿಯೂ ಕಾಣುವ ಸಂಗತಿ. ಆದರೆ ಜಪವನ್ನು ಹಳಿಯುವವರು ಮೂಲವಾಕ್ಯವನ್ನು ಬಿಟ್ಟು ಭಾಷಾಂತರದ ಒಂದು ವಿಶೇಷಣವನ್ನು ಪ್ರಮಾಣವಾಗಿಟ್ಟುಕೊಂಡಿರುವುದಂತೂ ನಿಜ.

ಇನ್ನು ವಾಕ್ಯಾರ್ಥ. ಬಹುಭಾಷಣದಿಂದ ತಮ್ಮ ಮಾತು ದೇವರಿಗೆ ಕೇಳಿಸೀತೆಂದು ಅನ್ಯಜನರು ಭಾವಿಸುವರೆಂಬ ಹೇತುವನ್ನು ಏಸುವೇ ಕೊಟ್ಟಿದ್ದಾನೆ. ಕೇಳುವ ಮೊದಲೇ ತಂದೆಗೆ ನಿಮ್ಮ ಅಗತ್ಯಗಳು ತಿಳಿದಿವೆಯೆಂದು ಮುಂದಿನ ವಾಕ್ಯದಲ್ಲಿ ಅದನ್ನು ದೃಢಪಡಿಸಿದ್ದಾನೆ. ಹೇತುವಿನಂತೆ ತೋರುವ ಮಾತನ್ನು ಅರ್ಥವಾದವೆಂದೇ ಗ್ರಹಿಸಬೇಕೆಂದು ಹೇತುವನ್ನಿಗದಾಧಿಕರಣವನ್ನು ಬಲ್ಲ ಮೀಮಾಂಸಕರು ಇಲ್ಲಿ ಆಕ್ಷೇಪಿಸಬಹುದು. ಆದರೆ ಆ ನ್ಯಾಯವು ಅಪೌರುಷೇಯವಾಕ್ಯಕ್ಕೆ ಹುಟ್ಟಿದುದು. ವಕ್ತೃವೊಬ್ಬನು ಶಿಷ್ಯರೆದುರಿಗೆ ಕುಳಿತು ಹೇಳಿದ ಮಾತಿನಲ್ಲಿ ಅವನ ವಿವಕ್ಷೆಯೇ ಪ್ರಧಾನ. ಹಾಗೆ ನೋಡಿದರೆ ನಿಷೇಧಕ್ಕೆ ವಿಷಯವು ಮಾತುಗಳ ರಾಶಿಯಿಂದ ದೇವರನ್ನು ಒಲಿಸಬಹುದೆಂಬ ಬುದ್ಧಿ. ಮೇಲಾಗಿ ಅದೇ ಸುವಾರ್ತೆಯ ಇಪ್ಪತ್ತಾರನೆಯ ಅಧ್ಯಾಯದಲ್ಲಿ, ಸೆರೆಸಿಕ್ಕುವ ರಾತ್ರಿ ಗೆತ್ಸೇಮನೆಯ ತೋಟದಲ್ಲಿ, ಏಸುವು ಮೂರನೆಯ ಸಲವೂ ಅದೇ ಮಾತುಗಳಿಂದಲೇ ಪ್ರಾರ್ಥಿಸಿದನೆಂದು ಮತ್ತಾಯನು ಬೇಕೆಂದೇ ಹೇಳುತ್ತಾನೆ. ಲೂಕನ ಸುವಾರ್ತೆಯಲ್ಲಿ ಯೆರಿಕೋವಿನ ಕುರುಡನನ್ನು ಜನರು ಗದರಿಸಿದಷ್ಟೂ ಅವನು ಅದನ್ನೇ ಹೆಚ್ಚಾಗಿ ಕೂಗಿದನು; ಅವನಿಗೆ ದೃಷ್ಟಿ ಬಂದಿತು. ಎರಡನೆಯ ಶತಮಾನದ ಆರಂಭದ ಹೊತ್ತಿಗೆ ಬಳಕೆಯಲ್ಲಿದ್ದಂತೆ ತೋರುವ ‘ದಿದಖೆ’ ಎಂಬ ಪುಟ್ಟ ಗ್ರಂಥವು ಏಸುವು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ವಿಧಿಸುತ್ತದೆ. ಅತಿ ಪ್ರಾಚೀನರಾದ ಕ್ರೈಸ್ತರಿಗೆ ಆ ವಾಕ್ಯವು ಆವೃತ್ತಿನಿಷೇಧವಾಗಿ ತೋರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

ನಿಷೇಧವಿಲ್ಲವೆಂದ ಮಾತ್ರಕ್ಕೆ ಪ್ರಯೋಜನವು ಸಿದ್ಧವಾಗುವುದಿಲ್ಲವಷ್ಟೆ. ಆ ವಿಚಾರಕ್ಕೆ ನಮ್ಮ ಶಾಸ್ತ್ರಗಳ ಪರಿಭಾಷೆಯು ಬಹಳ ಉಪಯುಕ್ತವಾದುದರಿಂದ ಅದನ್ನು ಸ್ವಲ್ಪ ಇಲ್ಲಿ ಎರವಲು ತರುತ್ತೇವೆ. ಪ್ರಯೋಜನವುಳ್ಳ ಅಭ್ಯಾಸವು ಅನುವಾದವೆನಿಸುವುದು, ಪ್ರಯೋಜನವಿಲ್ಲದುದು ಪುನರುಕ್ತ ಎಂದು ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ವ್ಯವಸ್ಥೆಯಾಗಿದೆ. ಬೇಗ ನಡೆಯೆಂದು ಎರಡು ಸಲ ಹೇಳಿದರೆ ಎರಡನೆಯ ಮಾತು ವೇಗವನ್ನು ಹೆಚ್ಚಿಸುವುದೆಂಬುದು ಅಲ್ಲಿಯ ದೃಷ್ಟಾಂತ. ಭಯ, ಶೋಕ, ಹರ್ಷ, ವಿಸ್ಮಯಗಳಲ್ಲಿ ಪುನರುಕ್ತಿಯು ದೋಷವಲ್ಲವೆಂದು ಭಾಮಹನೂ, ಅನುಕಂಪೆಯ ಅತಿಶಯದಲ್ಲಿ ದೋಷವಲ್ಲವೆಂದು ದಂಡಿಯೂ ಒಪ್ಪಿದ್ದಾರೆ. ಇವೆಲ್ಲಕ್ಕಿಂತಲೂ ಆಳವಾದುದು ಮೀಮಾಂಸಕರ ನೋಟ. ಪ್ರಯಾಜಗಳ ಪ್ರಕರಣದಲ್ಲಿ ಒಂದೇ ಕ್ರಿಯಾಪದವು ಐದು ಸಲ ಬಂದಿರುವುದರಿಂದಲೇ ಐದು ಬೇರೆ ಬೇರೆ ಕರ್ಮಗಳು ವಿಹಿತವಾಗಿವೆಯೆಂದು ಜೈಮಿನಿಯು ಸಿದ್ಧಾಂತಮಾಡಿದನು. ಸಿದ್ಧವಾದ ವಸ್ತುವನ್ನು ತಿಳಿಸುವ ವಾಕ್ಯವನ್ನು ಎರಡನೆಯ ಸಲ ಹೇಳಿದರೆ ಕೇಳುವವನಿಗೆ ಹೊಸದಾಗಿ ದೊರೆಯುವುದೇನೂ ಇಲ್ಲ. ಕರ್ಮವನ್ನು ಎರಡನೆಯ ಸಲ ಮಾಡಿದರೆ ಅದು ಎರಡನೆಯ ಕರ್ಮವೇ ಆಗುತ್ತದೆ. ಪ್ರಾರ್ಥನೆಯು ದೇವರಿಗೆ ಸುದ್ದಿಯನ್ನು ಮುಟ್ಟಿಸುವ ವಾಕ್ಯವಾಗಿದ್ದರೆ ಒಂದು ಸಲವೇ ಹೆಚ್ಚಾಯಿತು, ಏಕೆಂದರೆ ಅವನಿಗೆ ಮೊದಲೇ ತಿಳಿದಿದೆ. ಅದು ಶರಣುಹೋಗುವ ಕರ್ಮವಾಗಿದ್ದರೆ ಪುನರುಕ್ತಿಯ ಮಾತೇ ಏಳುವುದಿಲ್ಲ.

ಆ ಕರ್ಮವನ್ನು ಎಷ್ಟು ಸಲ ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಮೊದಲನೆಯ ಅಧಿಕರಣದಲ್ಲಿ ಶಂಕರಾಚಾರ್ಯರು ಶ್ರವಣಮನನಾದಿಗಳ ಆವೃತ್ತಿಯನ್ನು ಸಮರ್ಥಿಸುವಾಗ ಭತ್ತವನ್ನು ಕುಟ್ಟುವುದನ್ನು ನಿದರ್ಶನವಾಗಿ ಕೊಟ್ಟಿದ್ದಾರೆ. ಅಕ್ಕಿ ಬರುವವರೆಗೆ ಒನಕೆಯ ಪೆಟ್ಟು ಬೀಳಬೇಕು. ಇಷ್ಟೇ ಪೆಟ್ಟೆಂದು ಲೆಕ್ಕವಿಲ್ಲ, ಫಲವು ಕಣ್ಣಿಗೆ ಕಾಣುತ್ತದೆ. ಇದು ದೃಷ್ಟಾರ್ಥವಾದ ಆವೃತ್ತಿ. ಹನ್ನೊಂದು ಸಾಮಿಧೇನೀ ಋಕ್ಕುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಮೂರು ಮೂರು ಸಲ ಹೇಳಿ ಹದಿನೈದಾಗಿಸುವುದು ಮತ್ತೊಂದು ಬಗೆ; ಅಲ್ಲಿ ಸಂಖ್ಯೆಯೇ ವಿಹಿತ, ಫಲ ಅದೃಷ್ಟ. ಕ್ರೈಸ್ತ ಜಪದ ಇತಿಹಾಸದಲ್ಲಿ ಈ ಎರಡೂ ಬಗೆಗಳಿವೆ. ಅವೆರಡನ್ನೂ ಒಂದೇ ಎಂದು ಬಗೆದುದರಿಂದಲೇ ಜಗಳವು ಇಷ್ಟು ಉದ್ದವಾಯಿತೆಂದು ನಮಗೆ ತೋರುತ್ತದೆ.

ಮೊದಲನೆಯ ಬಗೆಗೆ ಉತ್ತಮವಾದ ಗ್ರಂಥವು ಜಾನ್ ಕ್ಯಾಸಿಯನನ ‘ಸಂವಾದಗಳು’. ಈಜಿಪ್ಟಿನ ಮರುಭೂಮಿಯ ತಪಸ್ವಿಗಳಲ್ಲಿ ಕೆಲವು ಕಾಲ ವಾಸಿಸಿ, ಬಳಿಕ ಗಾಲ್ ದೇಶದಲ್ಲಿ ನೆಲಸಿ, ಐದನೆಯ ಶತಮಾನದ ಎರಡನೆಯ ಮೂರನೆಯ ದಶಕಗಳಲ್ಲಿ ಅವನು ಇದನ್ನು ಲ್ಯಾಟಿನಿನಲ್ಲಿ ಬರೆದನು. ಹತ್ತನೆಯ ಸಂವಾದದಲ್ಲಿ ಐಸಾಕನೆಂಬ ವೃದ್ಧನು ಎಪ್ಪತ್ತನೆಯ ಕೀರ್ತನೆಯ ಮೊದಲನೆಯ ವಾಕ್ಯವನ್ನು, ಎಂದರೆ ದೇವರು ತ್ವರೆಯಾಗಿ ಬಂದು ನೆರವಾಗಬೇಕೆಂಬ ಮೊರೆಯನ್ನು, ಎಡೆಬಿಡದೆ ಜಪಿಸಬೇಕೆಂದು ಉಪದೇಶಿಸುತ್ತಾನೆ. ಓದುಗರು ಈ ಉಪದೇಶವನ್ನು ಎತ್ತಿಕೊಂಡು ಅದರ ಹಿಂದಿನ ಕಥೆಯನ್ನು ಬಿಟ್ಟುಬಿಡುವುದು ವಾಡಿಕೆ. ಆ ಕಥೆಯಿಲ್ಲದೆ ಉಪದೇಶಕ್ಕೆ ಜೀವವಿಲ್ಲ. ೩೯೯ರಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಥಿಯೋಫಿಲನು ದೇವರಿಗೆ ಮನುಷ್ಯಾಕಾರವಿಲ್ಲವೆಂದು ಪತ್ರವನ್ನು ಹೊರಡಿಸಿದನು. ಅನೇಕ ಮುಗ್ಧ ತಪಸ್ವಿಗಳು ದೇವರನ್ನು ಮನುಷ್ಯರೂಪದಲ್ಲಿಯೇ ಧ್ಯಾನಿಸುತ್ತಿದ್ದರು. ಅವರಲ್ಲೊಬ್ಬನಾದ ಸೆರಾಪಿಯನನೆಂಬ ಮುದುಕನಿಗೆ ವಿದ್ವಾಂಸರು ತರ್ಕದಿಂದ ತಿಳಿಯಹೇಳಿದರು, ಅವನು ಒಪ್ಪಿದನು. ಎಲ್ಲರೂ ಸಂತೋಷದಿಂದ ಪ್ರಾರ್ಥನೆಗೆ ನಿಂತಾಗ ಆ ಮುದುಕನಿಗೆ ಪ್ರಾರ್ಥಿಸಲು ಸಾಧ್ಯವಾಗಲಿಲ್ಲ. ತನ್ನ ದೇವರನ್ನು ಕಿತ್ತುಕೊಂಡರೆಂದೂ, ಇನ್ನು ಹಿಡಿಯಲು ತನಗೆ ಏನೂ ಉಳಿಯಲಿಲ್ಲವೆಂದೂ ನೆಲದಮೇಲೆ ಬಿದ್ದು ಅತ್ತನು.

ಐಸಾಕನು ಜಪವಾಕ್ಯವನ್ನು ಕೊಡುವುದು ಈ ಅಳುವಿನ ತರುವಾಯ. ರೂಪವೆಂಬ ಆಲಂಬನವು ಹೋದಮೇಲೆ ಮನಸ್ಸಿಗೆ ಇನ್ನಾವುದು ಆಲಂಬನ? ಒಂದು ವಾಕ್ಯ. ಮೂರ್ತಿಯ ಸ್ಥಾನದಲ್ಲಿ ಶಬ್ದವು ನಿಂತಿತು. ಮೂರ್ತಿಯು ಕದಲದೆ ಇರುವುದರಿಂದ ಕಣ್ಣು ಅದಕ್ಕೆ ಮರಳಿ ಮರಳಿ ಬರಬಹುದು. ಶಬ್ದವು ಉಚ್ಚರಿಸಿದ ಕ್ಷಣದಲ್ಲಿಯೇ ಅಳಿದುಹೋಗುವುದರಿಂದ ಅದನ್ನು ಮರಳಿ ಮರಳಿ ಹುಟ್ಟಿಸಬೇಕಾಗುತ್ತದೆ. ಆವೃತ್ತಿಯು ಇಲ್ಲಿ ಶಬ್ದದ ಸ್ವಭಾವದಿಂದಲೇ ಪ್ರಾಪ್ತವಾದುದು. ಶಬ್ದವು ಕ್ಷಣಿಕವೆಂಬ ನೈಯಾಯಿಕರು ಇದನ್ನು ಕೇಳಿ ತಲೆದೂಗುವರು. ಕ್ಯಾಸಿಯನನ ಬರವಣಿಗೆಯೂ ಇದಕ್ಕೆ ತಕ್ಕಂತಿದೆ. ಹಸಿವು, ನಿದ್ರೆ ಬಾರದಿರುವುದು, ಉಪವಾಸದ ತಲೆನೋವು, ಕೋಪ, ಅಲೆಯುವ ಮನಸ್ಸು, ಅಕಾರಣವಾದ ಆನಂದ ಎಂದು ಒಂದೊಂದೇ ಅವಸ್ಥೆಯನ್ನು ವರ್ಣಿಸಿ ಪ್ರತಿಯೊಂದರ ಕೊನೆಗೂ ಆ ಒಂದೇ ವಾಕ್ಯವನ್ನು ಮತ್ತೆ ಬರೆಯುತ್ತಾನೆ. ಲ್ಯಾಟಿನ್ ಅಲಂಕಾರಶಾಸ್ತ್ರವನ್ನು ಬಲ್ಲ ಅವನಿಗೆ ‘ಅದನ್ನೇ ಹೇಳಬೇಕು’ ಎಂದು ಒಂದು ಸಲ ಸೂಚಿಸಿ ಮುಂದಕ್ಕೆ ಹೋಗುವುದು ಕಷ್ಟವಾಗಿರಲಿಲ್ಲ. ಓದುವವನು ಓದುತ್ತಲೇ ಜಪಿಸುವಂತಾಗಲೆಂದು ಹಾಗೆ ಮಾಡಿದನು. ಅವಸ್ಥೆಯು ಬೇರೆಯಾದಾಗಲೆಲ್ಲ ಅದೇ ವಾಕ್ಯಕ್ಕೆ ಅರ್ಥಚ್ಛಾಯೆಯೂ ಬೇರೆಯಾಗುತ್ತದೆ. ಹಸಿದವನ ಬಾಯಲ್ಲಿ ಅದು ಬೇಡಿಕೆ, ಗರ್ವಿಸಿದವನ ಬಾಯಲ್ಲಿ ಎಚ್ಚರಿಕೆ. ವಿಚಾರಗಳ ಸಂಪತ್ತನ್ನೆಲ್ಲ ತೊರೆದು ಒಂದು ವಾಕ್ಯದ ಬಡತನಕ್ಕೆ ಬಂದು ನಿಲ್ಲುವವನೇ ಏಸುವು ಹೇಳಿದ ಆತ್ಮದಲ್ಲಿ ಬಡವನು ಎಂದು ಐಸಾಕನು ಮುಂದುವರಿಸುತ್ತಾನೆ. ವಿದ್ವಾಂಸರಾದ ನಮ್ಮಂಥವರಿಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ.

ಸಂತ ಅಗಸ್ಟೀನನು ಸುಮಾರು ೪೧೨ರಲ್ಲಿ ಪ್ರೊಬಾ ಎಂಬ ವಿಧವೆಗೆ ಬರೆದ ದೀರ್ಘಪತ್ರದಲ್ಲಿ ಈಜಿಪ್ಟಿನವರು ಬಾಣ ಬಿಟ್ಟಂತೆ ಹ್ರಸ್ವವಾಗಿಯೂ ಅಡಿಗಡಿಗೂ ಪ್ರಾರ್ಥಿಸುವರೆಂದು ಹೇಳಿ, ಬಹಳ ಮಾತನಾಡುವುದು ಬೇರೆ, ಬಹಳವಾಗಿ ಪ್ರಾರ್ಥಿಸುವುದು ಬೇರೆ ಎಂದು ಬಿಡಿಸಿ ತೋರಿಸಿದ್ದಾನೆ. ಏಳನೆಯ ಶತಮಾನದ ಸೀನಾಯ್ ಬೆಟ್ಟದ ಜಾನ್ ಕ್ಲಿಮಾಕಸನು ‘ಸೋಪಾನ’ವೆಂಬ ತನ್ನ ಗ್ರಂಥದಲ್ಲಿ ಬಹುಭಾಷಣವನ್ನೂ ಏಕವಾಕ್ಯತೆಯನ್ನೂ ನೇರವಾಗಿ ಎದುರುಬದುರಾಗಿ ನಿಲ್ಲಿಸಿ, ಮೊದಲನೆಯದು ಮನಸ್ಸನ್ನು ಚೆದರಿಸುವುದು, ಎರಡನೆಯದು ಕೂಡಿಸುವುದು ಎಂದನು. ಮತ್ತಾಯನ ‘ಪೊಲುಲೊಗಿಯ’ ಪದವನ್ನೇ ಅವನು ಬಳಸಿರುವುದು ಗಮನಾರ್ಹ. ಜಪವನ್ನು ಖಂಡಿಸಲು ಯಾವ ಪದವು ಉಪಯೋಗವಾಗುತ್ತಿದೆಯೋ ಅದೇ ಪದದಿಂದ ಅವನು ಜಪವನ್ನು ಸ್ಥಾಪಿಸಿದನು. ಐದನೆಯ ಶತಮಾನದ ಡಯಾಡೊಕಸನು ಕೊಟ್ಟ ಉಪಮಾನವು ಇವೆಲ್ಲಕ್ಕಿಂತ ಮನೋಹರ: ತಾಯಿಯು ಮಗುವಿಗೆ ‘ಅಪ್ಪ’ ಎಂಬ ಮಾತನ್ನು ತಾನೂ ಕೂಡ ಹೇಳಿಕೊಡುತ್ತ ಹೇಳಿಕೊಡುತ್ತ, ಕೊನೆಗೆ ಮಗುವು ನಿದ್ರೆಯಲ್ಲಿಯೂ ಅಪ್ಪನನ್ನು ಕರೆಯುವಂತೆ ಮಾಡುವಳಂತೆ. ಆ ತಾಯಿಯನ್ನು ಪುನರುಕ್ತಿದೋಷಕ್ಕಾಗಿ ಯಾವ ತಾರ್ಕಿಕನು ನಿಗ್ರಹಿಸಿಯಾನು?

ಎರಡನೆಯ ಬಗೆಯಾದ ಸಂಖ್ಯಾನಿಯತ ಜಪಕ್ಕೆ ಬಂದರೆ ನಮ್ಮ ಮೆಚ್ಚಿಕೆಯು ಅಷ್ಟು ನಿರಾತಂಕವಲ್ಲ. ಪಲ್ಲಾಡಿಯಸನು ಸುಮಾರು ೪೨೦ರಲ್ಲಿ ಬರೆದ ತಪಸ್ವಿಚರಿತ್ರೆಯಲ್ಲಿ ಫೆರ್ಮೆಯ ಪೌಲನೆಂಬವನ ಕಥೆಯಿದೆ. ಅವನು ದಿನಕ್ಕೆ ಮುನ್ನೂರು ಪ್ರಾರ್ಥನೆಗಳನ್ನು ನಿಯಮಿಸಿಕೊಂಡು, ಮಡಿಲಲ್ಲಿ ಅಷ್ಟು ಹರಳುಗಳನ್ನಿಟ್ಟುಕೊಂಡು ಒಂದೊಂದು ಪ್ರಾರ್ಥನೆಗೆ ಒಂದೊಂದನ್ನು ಹೊರಗೆ ಹಾಕುತ್ತಿದ್ದನು. ಒಂದು ಹಳ್ಳಿಯ ಕನ್ಯೆಯು ದಿನಕ್ಕೆ ಏಳುನೂರು ಮಾಡುವಳೆಂದು ಕೇಳಿ ದುಃಖಿತನಾಗಿ ಮಕಾರಿಯಸನ ಬಳಿಗೆ ಹೋದನು. ತಾನು ಅರುವತ್ತು ವರ್ಷಗಳಿಂದ ನೂರನ್ನೇ ಮಾಡುತ್ತಿರುವುದಾಗಿಯೂ, ಕೈಯಿಂದ ದುಡಿದು ಉಂಡು, ಬಂದವರೊಡನೆ ಮಾತನಾಡಿದರೂ ತನ್ನ ಮನಸ್ಸು ತನ್ನನ್ನು ಆಕ್ಷೇಪಿಸುವುದಿಲ್ಲವೆಂದೂ ಮಕಾರಿಯಸನು ಉತ್ತರಕೊಟ್ಟನು. ಹರಳಿನ ಲೆಕ್ಕವು ಹುಟ್ಟಿದ ಗಳಿಗೆಯಲ್ಲಿಯೇ ಅದರ ರೋಗವೂ ಹುಟ್ಟಿತು, ಚಿಕಿತ್ಸೆಯೂ ಹುಟ್ಟಿತು.

ಜಪಸರದ ಚರಿತ್ರೆಯಲ್ಲಿಯೂ ಸಂಖ್ಯೆಯೇ ಕಥಾನಾಯಕ. ನೂರೈವತ್ತು ಕೀರ್ತನೆಗಳನ್ನು ಓದಲು ಬಾರದ ಜನರು ಅವಕ್ಕೆ ಪ್ರತಿಯಾಗಿ ನೂರೈವತ್ತು ಸಲ ಮರಿಯಮ್ಮನಿಗೆ ನಮೋವಚನವನ್ನು ಹೇಳುತ್ತಿದ್ದರು. ನಿರಕ್ಷರರಿಗೆ ಇದೇ ಕೀರ್ತನಸಂಹಿತೆ. ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂಜೆಯ ಜಪಕ್ಕೆ ‘ತೇರ್ಸ್’ ಎಂಬ ಹೆಸರಿದೆಯಷ್ಟೆ. ಇದು ಪೋರ್ಚುಗೀಸ್ ಭಾಷೆಯಿಂದ ಬಂದ ಪದ; ಮೂರನೆಯ ಒಂದು ಪಾಲೆಂದು ಅರ್ಥ. ನೂರೈವತ್ತರಲ್ಲಿ ಐವತ್ತು ಮೂರನೆಯ ಒಂದು ಪಾಲಲ್ಲವೆ? ೨೦೦೨ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಐದು ಹೊಸ ಧ್ಯಾನವಿಷಯಗಳನ್ನು ಸೇರಿಸಿದ್ದರಿಂದ ಪೂರ್ಣಜಪವು ಇನ್ನೂರಾಯಿತು. ಈಗ ಐವತ್ತು ನಾಲ್ಕನೆಯ ಒಂದು ಪಾಲು. ಹೆಸರು ಹಳೆಯದೇ ನಿಂತಿದೆ. ಕೀರ್ತನೆಗಳೊಡನೆ ಇದ್ದ ಲೆಕ್ಕದ ಸಂಬಂಧವು ಕಡಿದುಹೋದರೂ ಭಕ್ತರಲ್ಲಿ ಬಹುಮಂದಿಗೆ ಏನನ್ನೂ ಕಳೆದುಕೊಂಡಂತೆ ತೋರಲಿಲ್ಲ. ಇದರಿಂದ ಸಂಖ್ಯೆಯು ಅಲ್ಲಿ ಎಷ್ಟರಮಟ್ಟಿಗೆ ಅಂಗವಾಗಿತ್ತೆಂಬುದನ್ನು ಊಹಿಸಬಹುದು. ಸಂದರ್ಭ ಬಂದುದರಿಂದ ಒಂದು ಮಾತು. ಜಪಮಾಲೆ ಎಂಬ ನಮ್ಮ ಶಬ್ದವನ್ನು ಜಪಾಪುಷ್ಪದ ಮಾಲೆಯೆಂದು ತಪ್ಪಾಗಿ ತಿಳಿದುದರಿಂದ ಯೂರೋಪಿನಲ್ಲಿ ‘ಗುಲಾಬಿಮಾಲೆ’ ಎಂಬ ಹೆಸರು ಹುಟ್ಟಿತೆಂದು ಒಂದು ಊಹೆಯುಂಟು. ಜಪಾ ಎಂದರೆ ದಾಸವಾಳ, ಗುಲಾಬಿಯಲ್ಲ. ಹೂಮಾಲೆಯ ರೂಪಕವೋ ಮರಿಯಮ್ಮನ ಭಕ್ತಿಯಲ್ಲಿ ಸಹಜವಾಗಿಯೇ ಬೆಳೆದುದು. ಸಂಸ್ಕೃತದ ಮೇಲಿನ ಅಭಿಮಾನದಿಂದ ಇಂಥ ವ್ಯುತ್ಪತ್ತಿಗಳನ್ನು ಒಪ್ಪಬಾರದು.

ಲೂಥರನು ೧೫೩೫ರಲ್ಲಿ ತನ್ನ ಕ್ಷೌರಿಕನಾದ ಪೀಟರನಿಗಾಗಿ ಬರೆದ ಪುಸ್ತಿಕೆಯಲ್ಲಿ, ಏಸುವಿನ ಪ್ರಾರ್ಥನೆಯೇ ಭೂಮಿಯ ಮೇಲಿನ ಅತಿದೊಡ್ಡ ಹುತಾತ್ಮವೆಂದೂ, ಎಲ್ಲರೂ ಅದನ್ನು ಹಿಂಸಿಸುವರೆಂದೂ ಬರೆದನು. ಈ ಮಾತಿನಲ್ಲಿ ಬಾಯಿಪಾಠದ ಮೇಲಿನ ಕೋಪವು ಎಷ್ಟಿದೆಯೋ ಪ್ರಾರ್ಥನೆಯ ಮೇಲಿನ ಕನಿಕರವೂ ಅಷ್ಟೇ ಇದೆ. ಆದರೆ ಅದೇ ಲೂಥರನು ತಾನು ಪ್ರತಿದಿನವೂ ಬೆಳಗ್ಗೆ ದಶಾಜ್ಞೆಗಳನ್ನೂ ಆ ಪ್ರಾರ್ಥನೆಯನ್ನೂ ಮಗುವಿನಂತೆ ಅಕ್ಷರಶಃ ಒಪ್ಪಿಸುವುದಾಗಿ ತನ್ನ ದೊಡ್ಡ ಪ್ರಶ್ನೋತ್ತರಗ್ರಂಥದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಅವನ ಅನುಯಾಯಿಗಳಲ್ಲಿ ಹಲವರು ಮೊದಲನೆಯ ಮಾತನ್ನು ಉಳಿಸಿಕೊಂಡು ಎರಡನೆಯದನ್ನು ಮರೆತರು. ಇತ್ತ ರೋಮಿನಲ್ಲಿಯೂ ಇಂತಿಷ್ಟು ಪ್ರಾರ್ಥನೆಗೆ ಇಂತಿಷ್ಟು ದಿನಗಳ ದಂಡಪರಿಹಾರವೆಂಬ ಗಣಿತವನ್ನು ಆರನೆಯ ಪಾಲ್ ಪೋಪರು ೧೯೬೭ರಲ್ಲಿ ತೆಗೆದುಹಾಕಿದರು. ಲೂಥರನಿಗೆ ಈ ಸುದ್ದಿಯನ್ನು ತಿಳಿಸುವವರಿದ್ದಿದ್ದರೆ ಏನೆನ್ನುತ್ತಿದ್ದನೋ!

ಈ ಎರಡು ಬಗೆಗಳೂ ಒಂದೇ ಗ್ರಂಥದಲ್ಲಿ ಸಂಧಿಸುವುದನ್ನು ನೋಡಬೇಕೆಂದರೆ ರಷ್ಯನ್ ಭಾಷೆಯ ‘ಯಾತ್ರಿಕನ ಕಥೆ’ಯನ್ನು ಓದಬೇಕು. ೧೭೮೨ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ‘ಫಿಲೊಕಾಲಿಯ’ ಎಂಬ ಗ್ರೀಕು ಸಂಕಲನವು ಹತ್ತು ಶತಮಾನಗಳಿಗೂ ಮಿಕ್ಕಿದ ಜಪಸಾಧಕರ ಬರಹಗಳನ್ನು ಒಂದುಗೂಡಿಸಿತು. ೧೭೯೩ರಲ್ಲಿ ಅದರ ಸ್ಲಾವೊನಿಕ್ ಭಾಷಾಂತರವು ಮಾಸ್ಕೋದಲ್ಲಿ ಪ್ರಕಟವಾಯಿತು. ಆ ಭಾರವಾದ ಗ್ರಂಥವನ್ನು ಬಡ ರೈತನೊಬ್ಬನ ಜೋಳಿಗೆಯಲ್ಲಿಟ್ಟು ಊರೂರು ಅಲೆಯಿಸಿದುದೇ ಯಾತ್ರಿಕನ ಕಥೆಯ ಕರ್ತೃವಿನ ಜಾಣ್ಮೆ. ೧೮೮೦ರ ದಶಕದಲ್ಲಿ ಕಜಾನಿನಲ್ಲಿ ಅಚ್ಚಾದ ಇದು ಅನಾಮಧೇಯ; ಮಿಖಾಯಿಲ್ ಕೊಜ್ಲೋವ್ ಎಂಬ ಸಂನ್ಯಾಸಿಯ ಕೈವಾಡ ಇದರ ಮೂಲದಲ್ಲಿದೆಯೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಎಡೆಬಿಡದೆ ಪ್ರಾರ್ಥಿಸಿರೆಂಬ ಪೌಲನ ವಚನವನ್ನು ದೇವಾಲಯದಲ್ಲಿ ಕೇಳಿದ ನಾಯಕನು, ಅದು ಹೇಗೆ ಶಕ್ಯವೆಂದು ಕೇಳುತ್ತ ಹೊರಡುತ್ತಾನೆ. ಉಪನ್ಯಾಸಗಳು ಬೇಕಾದಷ್ಟು ದೊರೆಯುತ್ತವೆ, ಉತ್ತರವು ಮಾತ್ರ ದೊರೆಯುವುದಿಲ್ಲ. ಕೊನೆಗೆ ಒಬ್ಬ ವೃದ್ಧಗುರುವು ದೇವಪುತ್ರನಾದ ಏಸುವಿನ ಹೆಸರನ್ನು ಹಿಡಿದು ಕರುಣೆಯನ್ನು ಬೇಡುವ ಪುಟ್ಟ ಪ್ರಾರ್ಥನೆಯನ್ನು ಕೊಟ್ಟು, ದಿನಕ್ಕೆ ಮೂರು ಸಾವಿರ ಸಲ, ಬಳಿಕ ಆರು ಸಾವಿರ, ಬಳಿಕ ಹನ್ನೆರಡು ಸಾವಿರ ಸಲ ಜಪಿಸೆಂದು ವಿಧಿಸುತ್ತಾನೆ. ಎಚ್ಚರದ ಹದಿನಾರು ಗಂಟೆಗಳಿಗೆ ಹಂಚಿದರೆ ಒಂದು ಜಪಕ್ಕೆ ಐದು ಸೆಕೆಂಡೂ ದೊರೆಯದು. ನಾಲಗೆ ಬಳಲುತ್ತದೆ, ಮಣಿಯೆಣಿಸುವ ಹೆಬ್ಬೆರಳು ನೋಯುತ್ತದೆ. ಹಳಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರಿ ಬೇಕಿಲ್ಲ.

ಆದರೆ ಕಥೆಯು ಅಲ್ಲಿಗೆ ನಿಲ್ಲುವುದಿಲ್ಲ. ಗುರುವು ಸಂಖ್ಯೆಯ ಕಟ್ಟನ್ನು ತಾನೇ ಬಿಚ್ಚಿ, ಇನ್ನು ಎಷ್ಟಾದರೂ ಜಪಿಸು ಎನ್ನುತ್ತಾನೆ. ಗುರುವಿನ ಮರಣಾನಂತರ ಶಿಷ್ಯನು ಕೂಲಿಯಾಗಿ ಬಂದ ಎರಡು ರೂಬಲುಗಳಿಗೆ ಹಳೆಯ ಫಿಲೊಕಾಲಿಯ ಪ್ರತಿಯೊಂದನ್ನು ಕೊಂಡು ನಡೆಯತೊಡಗುತ್ತಾನೆ. ಜಪವು ತುಟಿಯಿಂದ ಹೃದಯಕ್ಕಿಳಿದು ಅದರ ಬಡಿತದೊಡನೆ ತಾನಾಗಿ ನಡೆಯುತ್ತದೆ. ಇಲ್ಲಿಂದ ಮುಂದಕ್ಕೆ ಗ್ರಂಥದಲ್ಲಿ ಎಣಿಕೆಯ ಸುದ್ದಿಗೆ ಪ್ರಾಧಾನ್ಯವಿಲ್ಲ. ವಿಧಿಸಿದ ಸಂಖ್ಯೆಯು ಒನಕೆಯಂತೆ ಬಳಕೆಯಾಯಿತು; ಅಕ್ಕಿ ಬಂದಮೇಲೆ ಒನಕೆಯನ್ನು ಮೂಲೆಗಿಟ್ಟರು. ಅದೃಷ್ಟಾರ್ಥದಂತೆ ತೋರಿದುದು ದೃಷ್ಟಾರ್ಥವಾಗಿ ಪರಿಣಮಿಸಿತು. ಈ ತಿರುವನ್ನು ಕರ್ತೃವು ಒಂದು ಮಾತಿನ ವ್ಯಾಖ್ಯಾನವೂ ಇಲ್ಲದೆ ದಾಟಿಸಿರುವುದು ಗ್ರಂಥದ ಮುಖ್ಯ ಗುಣ. ದೋಷವೂ ಇಲ್ಲದಿಲ್ಲ. ಜಪಸುಖದ ವರ್ಣನೆಯು ಕೆಲವೆಡೆ ಅತಿಯಾಗಿ, ಕರುಣೆಯನ್ನು ಬೇಡುವ ಪಾಪಿಯ ಮಾತು ಮಧುರವಾದ ಅನುಭವದ ಉಪಕರಣವಾಗಿಬಿಡುವ ಭಯ ಕಾಣುತ್ತದೆ. ೧೯೧೧ರಲ್ಲಿ ಪ್ರಕಟವಾದ ಉತ್ತರಭಾಗದಲ್ಲಿ ಯಾತ್ರಿಕನು ಹಿಂದೆ ಸರಿದು ಸಂವಾದವೇ ಮುಂದಾಗಿರುವುದರಿಂದ ಅದು ಶಾಸ್ತ್ರಗ್ರಂಥವಾಯಿತೇ ಹೊರತು ಕಥೆಯಾಗಲಿಲ್ಲ. ಅಮೆರಿಕದ ಸ್ಯಾಲಿಂಜರನ ೧೯೬೧ರ ‘ಫ್ರಾನಿ ಅಂಡ್ ಜೂಯಿ’ಯಲ್ಲಿ ಈ ಪುಸ್ತಕವನ್ನು ಹಿಡಿದ ವಿದ್ಯಾರ್ಥಿನಿಯೊಬ್ಬಳು ಜಪವನ್ನು ಲೋಕದಿಂದ ತಪ್ಪಿಸಿಕೊಳ್ಳುವ ಉಪಾಯವಾಗಿ ಮಾಡಿಕೊಳ್ಳುತ್ತಾಳೆ, ಮೇಲೆ ಹೇಳಿದ ಭಯವು ನಿರಾಧಾರವಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ಆಕೆಯ ಅಣ್ಣನು ಅವಳನ್ನು ಕೇಳುವ ಪ್ರಶ್ನೆಯೂ ಸರಿಯಾದುದೇ: ನೀನು ಕರೆಯುತ್ತಿರುವುದು ಯಾರನ್ನು, ಅವನನ್ನು ಬಲ್ಲೆಯಾ?

ಹೆಸರಿಗೂ ಹೆಸರುಳ್ಳವನಿಗೂ ಏನು ಸಂಬಂಧವೆಂಬ ಪ್ರಶ್ನೆಯನ್ನು ಜಪವಾಙ್ಮಯವು ತಾನೇ ಎಬ್ಬಿಸಿಕೊಂಡಿತು. ಕಾಕಸಸ್ ಬೆಟ್ಟಗಳಲ್ಲಿ ತಪಸ್ಸು ಮಾಡುತ್ತಿದ್ದ ಇಲಾರಿಯೋನನೆಂಬ ಸಂನ್ಯಾಸಿಯು ೧೯೦೭ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ದೇವರ ನಾಮದಲ್ಲಿ ದೇವರೇ ಇದ್ದಾನೆಂದು ಬರೆದನು. ಆಥೋಸ್ ಪರ್ವತದ ರಷ್ಯನ್ ಮಠಗಳಲ್ಲಿ ಇದರಿಂದ ಎರಡು ಪಕ್ಷಗಳಾದವು. ನಾಮನಾಮಿಗಳ ಅಭೇದವೆಂಬ ಈ ಪಕ್ಷವು ನಮ್ಮ ಗೌಡೀಯ ವೈಷ್ಣವರಿಗೆ ಅತಿಪರಿಚಿತ. ಅಲ್ಲಿ ಮಾತ್ರ ಅದು ಪಾಷಂಡವೆಂದು ೧೯೧೩ರಲ್ಲಿ ರಷ್ಯದ ಧರ್ಮಸಭೆಯಿಂದ ಖಂಡಿತವಾಯಿತು. ಅದೇ ವರ್ಷ ಯುದ್ಧನೌಕೆಯು ಬಂದು, ಸೈನಿಕರು ನೂರಾರು ಸಂನ್ಯಾಸಿಗಳನ್ನು ಬಲಾತ್ಕಾರದಿಂದ ಹಡಗಿಗೇರಿಸಿ ಒಡೆಸ್ಸಾ ಬಂದರಿಗೆ ಸಾಗಿಸಿದರು. ಆಮೇಲೆ ಫ್ಲೊರೆನ್ಸ್ಕಿ, ಬುಲ್ಗಾಕೊವ್ ಮೊದಲಾದ ದಾರ್ಶನಿಕರು ನಾಮವಾದಿಗಳ ಪಕ್ಷವನ್ನು ವಹಿಸಿ ಶಬ್ದತತ್ತ್ವವನ್ನು ಕುರಿತು ಬಹಳವಾಗಿ ಬರೆದರು. ಅವರ ವಾದವನ್ನು ಭರ್ತೃಹರಿಯ ವಾಕ್ಯಪದೀಯದೊಡನೆ ಹೋಲಿಸಿ ನೋಡುವ ಕೆಲಸವು ಬಹಳ ಫಲಪ್ರದವಾದೀತು. ರಷ್ಯನ್ ಭಾಷೆಯನ್ನೂ ವ್ಯಾಕರಣಶಾಸ್ತ್ರವನ್ನೂ ಬಲ್ಲ ತರುಣ ವಿದ್ವಾಂಸರು ಯಾರಾದರೂ ಇದನ್ನು ಕೈಕೊಳ್ಳಬೇಕು.